ಸಹಿ ಹಾಕುವ ಮುಂಚೆ ಯಂತ್ರ ನೋಡೋಣ

ನಮ್ಮ ಸಂಘದ ವಾರದ ಸಭೆ. ಎಲ್ಲರೂ ಮಾತಾಡುತ್ತಿದ್ದೆವು. ಒಬ್ಬ ಅಕ್ಕ ಮಾತ್ರ ಸುಮ್ಮನೆ ಕೂತಿದ್ದರು.

"ಯಾಕಕ್ಕಾ, ಮೈ ಹುಷಾರಿಲ್ವಾ?" ಅಂತ ಕೇಳಿದೆವು.

ಅಕ್ಕ ಚೀಲದಿಂದ ಮಡಚಿದ ಕಾಗದ ತೆಗೆದರು. "ಮಗ ಮಣ್ಣು ತೋಡೋ ಮಿಷನ್ ತಗೋತಾನಂತೆ. ಸಾಲಕ್ಕೆ ನನ್ನ ಸಹಿ ಬೇಕಂತೆ. ಮನೆ ಪತ್ರಾನೂ ಇಡಬೇಕಂತೆ. ಮೊದಲಾಗಿದ್ರೆ ಹೆಬ್ಬೆಟ್ಟು ಒತ್ತಿಬಿಡ್ತಿದ್ದೆ. ಈಗ ಓದೋಕೆ ಬರುತ್ತಲ್ಲ, ಅದಕ್ಕೇ ಭಯ" ಅಂದರು.

ನಾವು ನಕ್ಕೆವು. ಆದರೆ ಅದು ನಗುವ ಮಾತಲ್ಲ. ಮನೆ ಪತ್ರ ಹೋದರೆ ಮನೆ ಹೋದಂತೆ.

ಅಕ್ಕನ ಮಗ ಸಣ್ಣ ಗುತ್ತಿಗೆದಾರ. ಮನೆಯ ಪಾಯ, ಚರಂಡಿ, ಶೌಚಾಲಯದ ಗುಂಡಿ, ನೀರಿನ ಪೈಪಿನ ಕಾಲುವೆ, ಇಂಥ ಕೆಲಸ ಹಿಡಿಯುತ್ತಾನೆ. ಪ್ರತಿ ಸಲ ಯಂತ್ರ ಬಾಡಿಗೆಗೆ ತರುತ್ತಾನೆ. ಸ್ವಂತದ್ದು ಇದ್ದರೆ ಬಾಡಿಗೆ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ಲೆಕ್ಕ ಸರಿಯೇ? ನಾವೂ ನೋಡೋಣ.

ಯಂತ್ರಗಳಲ್ಲಿ ಮೂರು ಬಗೆ

ಮಣ್ಣು ತೋಡುವ ಯಂತ್ರಕ್ಕೆಲ್ಲ ನಾವು ಜೆಸಿಬಿ ಅನ್ನುತ್ತೇವೆ. ನಿಜವಾಗಿ ಅದು ಒಂದು ಕಂಪನಿಯ ಹೆಸರು. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತ 1945ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಶುರು ಮಾಡಿದ. ಅವನ ಹೆಸರಿನ ಮೊದಲಕ್ಷರಗಳೇ ಜೆ, ಸಿ, ಬಿ. ನಮ್ಮ ದೇಶದಲ್ಲಿ 1979ರಿಂದ ಹರಿಯಾಣದ ಬಲ್ಲಭಗಢದಲ್ಲಿ ಇದು ತಯಾರಾಗುತ್ತಿದೆ. ಬೇರೆ ಕಂಪನಿಗಳೂ ಇಂಥ ಯಂತ್ರ ಮಾಡುತ್ತವೆ.

ಮೊದಲನೆಯದು, ನಾವು ದಿನಾ ನೋಡುವ ಜೆಸಿಬಿ. ಮುಂದೆ ಅಗಲವಾದ ಬಕೆಟ್. ಅದು ಮಣ್ಣು ಬಾಚಿ ಟ್ರ್ಯಾಕ್ಟರಿಗೆ ತುಂಬುತ್ತದೆ. ಹಿಂದೆ ಉದ್ದನೆಯ ಕೈ. ಅದು ಗುಂಡಿ ತೋಡುತ್ತದೆ. ನಾಲ್ಕು ಟೈರಿನ ಮೇಲೆ ತಾನೇ ರಸ್ತೆಯಲ್ಲಿ ಓಡುತ್ತದೆ. ಸುಮಾರು 15 ಅಡಿ ಆಳ ತೋಡಬಲ್ಲದು. ಆದರೆ ತೂಕ 7ರಿಂದ 8 ಟನ್. ನಮ್ಮ ಕೇರಿಯ ಓಣಿಗೆ ನುಗ್ಗಲಾರದು. ಹಸಿ ಗದ್ದೆಯಲ್ಲಿ ಹೂತು ಕೂರುತ್ತದೆ.

ಎರಡನೆಯದು ಮಿನಿ ಎಕ್ಸ್‌ಕವೇಟರ್. ಚೈನಿನ ಮೇಲೆ ಓಡುವ ದೊಡ್ಡ ಯಂತ್ರವನ್ನು ನಮ್ಮ ಕಡೆ ಇಟಾಚಿ ಅನ್ನುತ್ತಾರಲ್ಲ, ಅದರ ಮರಿ ಇದು. 3 ಟನ್ ತೂಕದ್ದು ಸುಮಾರು 5 ಅಡಿ ಅಗಲ ಇರುತ್ತದೆ. ಎತ್ತಿನ ಗಾಡಿ ಹೋಗುವ ಓಣಿಯಲ್ಲಿ ಇದೂ ಹೋಗುತ್ತದೆ. 8ರಿಂದ 10 ಅಡಿ ಆಳ ತೋಡುತ್ತದೆ. ನಿಂತಲ್ಲೇ ಸುತ್ತ ತಿರುಗುತ್ತದೆ. ಚೈನು ಭಾರವನ್ನು ಹರಡುವುದರಿಂದ ಹಸಿ ನೆಲದಲ್ಲಿ ಬೇಗ ಹೂಳುವುದಿಲ್ಲ. ಆದರೆ ನಡಿಗೆ ಆಮೆಯದು. ಊರಿಂದ ಊರಿಗೆ ಲಾರಿಯ ಮೇಲೆ ಹೇರಬೇಕು. ಆ ಬಾಡಿಗೆ ಬೇರೆ.

ಮೂರನೆಯದು ಸ್ಕಿಡ್ ಸ್ಟೀರ್ ಲೋಡರ್. ಇದನ್ನು ಬಾಬ್‌ಕ್ಯಾಟ್ ಅಂತಲೂ ಕರೆಯುತ್ತಾರೆ. ಅದೂ ಒಂದು ಕಂಪನಿಯ ಹೆಸರೇ. ಇದು ಹುಟ್ಟಿದ್ದು ಕೋಳಿ ಮನೆಯಿಂದ ಅಂದರೆ ನಂಬುತ್ತೀರಾ? ಅಮೆರಿಕದ ಮಿನ್ನೆಸೋಟದಲ್ಲಿ ಒಬ್ಬ ರೈತ ಟರ್ಕಿ ಕೋಳಿ ಸಾಕಿದ್ದ. ಕೊಟ್ಟಿಗೆಯ ಗೊಬ್ಬರ ಬಾಚಲು ದೊಡ್ಡ ಯಂತ್ರ ಒಳಗೆ ಹೋಗುತ್ತಿರಲಿಲ್ಲ. 1957ರಲ್ಲಿ ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ಅವನಿಗಾಗಿ ಒಂದು ಪುಟ್ಟ ಯಂತ್ರ ಮಾಡಿಕೊಟ್ಟರು. ಅದೇ ಮುಂದೆ ಬೆಳೆದು ಈ ಲೋಡರ್ ಆಯಿತು. ಇದು ಮಣ್ಣು, ಜಲ್ಲಿ, ಗೊಬ್ಬರ ಬಾಚಿ ತುಂಬಲು ಚೆನ್ನ. ಆಳದ ಗುಂಡಿ ತೋಡಲು ಅಲ್ಲ.

ಕೆಲಸ ಮೊದಲು, ಯಂತ್ರ ಆಮೇಲೆ

ರೊಟ್ಟಿ ಬೇಯಿಸಲು ಕೊಳಗ ತರುತ್ತೇವೆಯೇ? ಹೆಂಚು ತರುತ್ತೇವೆ. ಯಂತ್ರವೂ ಹಾಗೆಯೇ. ಕೊಳ್ಳುವ ಮುಂಚೆ ಇವನ್ನು ಕೇಳಬೇಕು:

ಹೋದ ವರ್ಷ ಯಾವ ಯಾವ ಕೆಲಸ ಮಾಡಿದ್ದೇವೆ? ತೋಡುವುದು ಹೆಚ್ಚೋ, ತುಂಬುವುದು ಹೆಚ್ಚೋ?
ಎಷ್ಟು ಆಳ ತೋಡಿದ್ದೇವೆ?
ದಾರಿ ಎಷ್ಟು ಅಗಲ? ಅಳತೆ ಟೇಪು ಹಿಡಿದು ನೋಡಿದ್ದೇವೆಯೇ?
ಕೆಲಸ ಒಂದೇ ಊರಲ್ಲೋ, ಹತ್ತೂರಲ್ಲೋ?

ಇನ್ನೊಂದು ಮಾತು. ಗುಂಡಿಯಿಂದ ತೆಗೆದ ಮಣ್ಣು ಮತ್ತೆ ಅದೇ ಗುಂಡಿಗೆ ಹಿಡಿಸುವುದಿಲ್ಲ. ಇದು ನಮಗೆಲ್ಲ ಗೊತ್ತು. ಅಗೆದ ಮಣ್ಣು ಸಡಿಲವಾಗಿ ಸುಮಾರು ಕಾಲುಭಾಗ ಉಬ್ಬುತ್ತದೆ. ಹಾಗಾಗಿ ನಾಲ್ಕು ಟ್ರ್ಯಾಕ್ಟರ್ ಲೋಡ್ ಅಂತ ಗುತ್ತಿಗೆ ಹಿಡಿದರೆ ಸಾಗಿಸುವುದು ಐದು ಲೋಡ್. ಮರೆತರೆ ನಷ್ಟ ನಮ್ಮದೇ.

ಕಂತಿನ ಲೆಕ್ಕ

ಅಕ್ಕನ ಮಗನನ್ನೂ ಸಭೆಗೆ ಕರೆದೆವು. "ಬಾಪ್ಪ, ಕೂತ್ಕೋ, ಲೆಕ್ಕ ಹಾಕೋಣ" ಅಂದೆವು. ಕರಿಹಲಗೆಯ ಮೇಲೆ ಬರೆದೆವು. ಈ ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಊರಿನ ದರ ಕೇಳಿ ನೀವೇ ಹಾಕಿಕೊಳ್ಳಿ.

ತಿಂಗಳ ಕಂತು 45,000 ರೂಪಾಯಿ ಎಂದುಕೊಳ್ಳೋಣ.
ಆಪರೇಟರ್ ಸಂಬಳ 18,000 ರೂಪಾಯಿ.
ವಿಮೆಗೆ, ರಿಪೇರಿಗೆ ಎತ್ತಿಡುವುದು 12,000 ರೂಪಾಯಿ.
ಒಟ್ಟು 75,000 ರೂಪಾಯಿ.

ಯಂತ್ರ ಓಡಲಿ, ನಿಲ್ಲಲಿ, ಇಷ್ಟು ಖರ್ಚು ಇದ್ದೇ ಇದೆ.

ಈಗ ಆದಾಯ. ಗಂಟೆಗೆ 1,000 ರೂಪಾಯಿ ಬಂತು ಎನ್ನೋಣ. ಡೀಸೆಲ್, ಆಯಿಲ್, ಗ್ರೀಸ್‌ಗೆ 400 ಹೋಯಿತು. ಉಳಿದದ್ದು 600.

75,000 ರೂಪಾಯಿಯನ್ನು 600ರಿಂದ ಭಾಗಿಸಿದರೆ 125. ಅಂದರೆ ತಿಂಗಳಿಗೆ 125 ಗಂಟೆ ಓಡಿದರೆ ಕೈಗೆ ಕೈ ಸರಿ. ಲಾಭ ಶುರುವಾಗುವುದು 126ನೇ ಗಂಟೆಯಿಂದ.

"ಹೋದ ವರ್ಷ ನೀನು ತಿಂಗಳಿಗೆ ಎಷ್ಟು ಗಂಟೆ ಬಾಡಿಗೆಗೆ ತಂದಿದ್ದೀಯಪ್ಪ?" ಅಂತ ಕೇಳಿದೆವು. ಅವನು ಚೀಟಿಗಳನ್ನು ಕೂಡಿಸಿ ನೋಡಿದ. ತಿಂಗಳಿಗೆ ಸರಾಸರಿ 60 ಗಂಟೆ ಬಂತು. 60 ಗಂಟೆಗೆ ಸಿಗುವುದು 36,000. ಕೊರತೆ 39,000. ಪ್ರತಿ ತಿಂಗಳೂ!

ಹುಡುಗ ತಲೆ ಕೆರೆದುಕೊಂಡ. "ಬೇರೆಯವರಿಗೂ ಬಾಡಿಗೆಗೆ ಬಿಡ್ತೀನಿ" ಅಂದ. ಬಿಡಬಹುದು. ಆದರೆ ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ. ಬಾಡಿಗೆ ಹಣವೂ ಕೂಡಲೇ ಕೈಗೆ ಬರುವುದಿಲ್ಲ. ಕಂತು ಮಾತ್ರ ತಾರೀಖಿಗೆ ಸರಿಯಾಗಿ ಬರುತ್ತದೆ.

ಹಳೇ ಯಂತ್ರ ಕೊಳ್ಳಬಹುದೇ?

ಕೊಳ್ಳಬಹುದು. ಆದರೆ ಬಣ್ಣ ನೋಡಿ ಮರುಳಾಗಬಾರದು. ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರ್ ಇರುತ್ತದೆ. ಅದನ್ನು ಓದಿ. ಮೀಟರ್ ಕೆಟ್ಟಿದ್ದರೆ ಅನುಮಾನ ಪಡಿ. ಎಣ್ಣೆಯ ಪೈಪುಗಳಲ್ಲಿ ಸೋರಿಕೆ ಇದೆಯೇ? ಕೈ ಅಲ್ಲಾಡಿಸಿದಾಗ ಕೀಲು ಗಡಗಡ ಅನ್ನುತ್ತದೆಯೇ? ಚೈನು ಸವೆದಿದೆಯೇ? ನಂಬಿಕೆಯ ಮೆಕ್ಯಾನಿಕ್‌ನಿಂದ ಅರ್ಧ ದಿನ ಓಡಿಸಿ ನೋಡಿ. ಅದರ ಮೇಲೆ ಹಳೇ ಸಾಲ ಉಳಿದಿದೆಯೇ ಎಂದು ಕಾಗದ ಕೇಳಿ.

ಹೊಸದಾದರೂ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ತಿಳಿದುಕೊಳ್ಳಿ. ಮೆಕ್ಯಾನಿಕ್ ನೂರು ಮೈಲಿ ದೂರ ಇದ್ದರೆ ಯಂತ್ರ ವಾರಗಟ್ಟಲೆ ಮಲಗುತ್ತದೆ.

ನಮ್ಮ ಕೂಲಿ ಏನಾಗುತ್ತದೆ?

ಸಭೆಯಲ್ಲಿ ಒಬ್ಬ ತಂಗಿ ಕೇಳಿದಳು: "ಮಿಷನ್ ಬಂದ್ರೆ ಮಣ್ಣು ಹೊರೋ ನಮ್ಮ ಗತಿ ಏನು?"

ಕೇಳಬೇಕಾದ ಮಾತೇ. ಯಂತ್ರ ಕೆಲವರ ಕೂಲಿ ಕಸಿಯುತ್ತದೆ, ಸುಳ್ಳಲ್ಲ. ಅದಕ್ಕೇ 2005ರ ಉದ್ಯೋಗ ಖಾತ್ರಿ ಕಾಯ್ದೆಯ ಕೆಲಸಗಳಲ್ಲಿ ಗುತ್ತಿಗೆದಾರರು ಇರಕೂಡದು, ಕೂಲಿ ಕಸಿಯುವ ಯಂತ್ರವನ್ನು ಆದಷ್ಟೂ ಬಳಸಬಾರದು ಎಂದು ಬರೆದಿದ್ದರು. ಖಾಸಗಿ ಕೆಲಸಕ್ಕೆ ಆ ಮಾತು ಇರಲಿಲ್ಲ. ಅಲ್ಲಿ ಯಂತ್ರ ತೋಡಿದ ಮೇಲೂ ತಳ ಮಟ್ಟ ಮಾಡಲು, ಪೈಪ್ ಇಳಿಸಲು, ಮುಚ್ಚಲು ಜನ ಬೇಕು. ಆ ಕೆಲಸಕ್ಕೆ ನಮ್ಮೂರ ಹೆಂಗಸರನ್ನೇ ಕರೆಯಬೇಕು, ಸರಿಯಾದ ಕೂಲಿ ಕೊಡಬೇಕು ಅಂತ ಹುಡುಗನಿಗೆ ಹೇಳಿದೆವು. ಅವನು ತಲೆಯಾಡಿಸಿದ.

ಜೀವ ಮುಖ್ಯ

ಯಂತ್ರದ ಹತ್ತಿರ ಕೆಲಸ ಮಾಡುವವರು ಇವನ್ನು ಮರೆಯಬಾರದು.

ಯಂತ್ರದ ಕೈ ತಿರುಗುವಷ್ಟು ಜಾಗದಲ್ಲಿ ಯಾರೂ ನಿಲ್ಲಬಾರದು. ಮಕ್ಕಳನ್ನು ದೂರ ಇಡಬೇಕು.
ಮೇಲೆ ಕರೆಂಟ್ ತಂತಿ ಇದೆಯೇ, ನೆಲದೊಳಗೆ ಕೇಬಲ್ ಇದೆಯೇ, ಮೊದಲೇ ನೋಡಬೇಕು.
5 ಅಡಿಗಿಂತ ಆಳದ ಕಾಲುವೆಗೆ ಪಕ್ಕದಲ್ಲಿ ಹಲಗೆಯ ಆಸರೆ ಕೊಡದೆ ಯಾರೂ ಇಳಿಯಬಾರದು. ಒಂದು ಮೀಟರ್ ಉದ್ದ, ಅಗಲ, ಎತ್ತರದ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಕುಸಿದರೆ ಕೂಗಲೂ ಉಸಿರಿರದು.
ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು.
ಕಲಿತ ಆಪರೇಟರ್ ಮಾತ್ರ ಓಡಿಸಬೇಕು. ಲೈಸೆನ್ಸ್, ನೋಂದಣಿ, ವಿಮೆ ಇರಬೇಕು.

ಕೊನೆಗೆ ಏನಾಯಿತು?

ಹುಡುಗನ ಕೆಲಸವೆಲ್ಲ ಓಣಿಯದು, ಆಳ ಕಡಿಮೆ. ಅವನಿಗೆ ಹೊಂದುವುದು ಮಿನಿ ಎಕ್ಸ್‌ಕವೇಟರೇ. ಆದರೆ ಕೊಳ್ಳುವಷ್ಟು ಕೆಲಸ ಇನ್ನೂ ಇಲ್ಲ. ಒಂದು ವರ್ಷ ಅದನ್ನೇ ಬಾಡಿಗೆಗೆ ತರುವುದು, ಗಂಟೆ ಗಂಟೆಯ ಲೆಕ್ಕ ಬರೆಯುವುದು, ಆಮೇಲೆ ಯೋಚಿಸುವುದು ಅಂತ ತೀರ್ಮಾನವಾಯಿತು.

ಲೆಕ್ಕದ ಪುಸ್ತಕ ಯಾರ ಹತ್ತಿರ ಇರಬೇಕು?

"ನನ್ನ ಹತ್ರಾನೇ ಇರ್ಲಿ" ಅಂದರು ಅಕ್ಕ. ಸಹಿ ಇಲ್ಲದ ಕಾಗದವನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು.

ನಿಮ್ಮ ಮನೆಗೂ ಇಂಥ ಕಾಗದ ಬರಬಹುದು. ಸಾಲ ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು, ಕಂತು ತಪ್ಪಿದರೆ ಏನು ಹೋಗುತ್ತದೆ, ಈ ನಾಲ್ಕನ್ನು ಓದಿ. ತಿಳಿಯದಿದ್ದರೆ ಸಂಘಕ್ಕೆ ತನ್ನಿ. ಎಲ್ಲರೂ ಕೂತು ಓದೋಣ. ಆಮೇಲೆ ಸಹಿ ಹಾಕೋಣ.