ವ್ಯಾಯಾಮಶಾಲೆ: ಸೇರುವ ಮುನ್ನ ಯೋಚಿಸಿ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಅನೇಕ ವಿದ್ಯಾರ್ಥಿಗಳಿಗೆ ಜಿಮ್ ಸೇರುವ ಉತ್ಸಾಹ ಬರುತ್ತದೆ. ಗೆಳೆಯ ಸೇರಿದ್ದಾನೆ, ಅವನ ತೋಳು ಗಟ್ಟಿಯಾಗಿದೆ. ರಸ್ತೆಯ ತಿರುವಿನಲ್ಲಿ 'ಈ ವಾರ ಸೇರಿದವರಿಗೆ ರಿಯಾಯಿತಿ' ಎಂಬ ಫಲಕ ಕಾಣುತ್ತದೆ. ಮನೆಯಲ್ಲಿ ಹಣ ಕೇಳಿದರೆ ಅಪ್ಪ 'ಮೊದಲು ಓದು' ಎನ್ನುತ್ತಾರೆ. ಅಮ್ಮ 'ಈ ವಯಸ್ಸಿನಲ್ಲಿ ಭಾರ ಎತ್ತಿದರೆ ಬೆಳವಣಿಗೆ ನಿಂತುಹೋಗುತ್ತದೆ' ಎಂದು ಹೆದರುತ್ತಾರೆ. ಸೇರಬೇಕೆನ್ನುವವಳು ಮಗಳಾಗಿದ್ದರೆ ಪ್ರಶ್ನೆಗಳು ಇನ್ನೂ ಹೆಚ್ಚು. ಈ ಮಾತುಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಹಣ, ಸಮಯ, ಆರೋಗ್ಯ ಮೂರೂ ಹಾಳಾಗದಂತೆ ವ್ಯಾಯಾಮಶಾಲೆಯನ್ನು ಆರಿಸಿಕೊಳ್ಳುವುದು ಹೇಗೆ? ಬನ್ನಿ, ಒಂದೊಂದಾಗಿ ವಿಚಾರ ಮಾಡೋಣ.

ಇದು ನಮಗೆ ಹೊಸದಲ್ಲ

ಜಿಮ್ ಎಂಬ ಹೆಸರು ಹೊಸದಿರಬಹುದು, ದೇಹ ಸಾಧನೆಯ ಮನೆ ನಮಗೆ ಹೊಸದಲ್ಲ. ಮೈಸೂರಿನ ಬೀದಿಗಳಲ್ಲಿ ಇಂದಿಗೂ ಗರಡಿ ಮನೆಗಳಿವೆ. ಕೆಮ್ಮಣ್ಣಿನ ಅಖಾಡ, ದಂಡ, ಬಸ್ಕಿ, ಗದೆ ಇವುಗಳ ಸಾಧನೆಯಿಂದ ಪೈಲ್ವಾನರು ತಯಾರಾಗುತ್ತಾರೆ. ದಸರಾ ಕುಸ್ತಿಯಲ್ಲಿ ಅವರ ಶ್ರಮ ಎಲ್ಲರಿಗೂ ಕಾಣುತ್ತದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರ ಹೆಸರನ್ನು ನೀವು ಕನ್ನಡ ಸಾಹಿತ್ಯದಲ್ಲಿಯೂ ಕೇಳಿರುತ್ತೀರಿ. 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳನ್ನು ಬರೆದವರು ಅವರೇ. ಭಾರ ಎತ್ತುವ ಸಾಧನೆಯ ಜೊತೆಗೆ ಯೋಗಾಸನ, ಸೂರ್ಯನಮಸ್ಕಾರಗಳನ್ನೂ ಅವರು ಕಲಿಸಿದರು. ವ್ಯಾಯಾಮಕ್ಕೂ ವಿದ್ಯೆಗೂ ವಿರೋಧವಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ದೇಹಕ್ಕೆ ಎಷ್ಟು ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವಂತೆ ಚಟುವಟಿಕೆ ಮಾಡಬೇಕು. ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ವ್ಯಾಯಾಮ ವಾರದಲ್ಲಿ ಕನಿಷ್ಠ 3 ದಿನ ಇರಬೇಕು. 18 ವರ್ಷ ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ 2 ದಿನ ಸ್ನಾಯು ಬಲದ ವ್ಯಾಯಾಮ ಸಾಕು. ಇದಕ್ಕೆ ಜಿಮ್ಮೇ ಆಗಬೇಕೆಂದಿಲ್ಲ. ಬಿರುಸಿನ ನಡಿಗೆ, ಸೈಕಲ್, ಕಬಡ್ಡಿ, ಈಜು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಎಂಬ ಅಮ್ಮನ ಭಯಕ್ಕೆ ವೈದ್ಯಕೀಯ ಆಧಾರವಿಲ್ಲ. ಸರಿಯಾದ ಕ್ರಮ ಕಲಿತು, ಹಗುರ ತೂಕದಿಂದ ಆರಂಭಿಸಿ, ತಿಳಿದವರ ಮೇಲ್ವಿಚಾರಣೆಯಲ್ಲಿ ಮಾಡಿದರೆ ಹದಿಹರೆಯದವರಿಗೂ ಇದು ಸುರಕ್ಷಿತ ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ಆದರೆ ಯಾರು ಹೆಚ್ಚು ಎತ್ತುತ್ತಾರೆ ಎಂಬ ಪಂದ್ಯಕ್ಕೆ ಇಳಿದರೆ ಬೆನ್ನು, ಭುಜ, ಮಂಡಿಗಳಿಗೆ ಪೆಟ್ಟು ಖಂಡಿತ. ಆದ್ದರಿಂದ ಮೇಲ್ವಿಚಾರಣೆ ಇಲ್ಲದ ಜಾಗ ಎಷ್ಟೇ ಅಗ್ಗವಾಗಿದ್ದರೂ ನಿಮಗೆ ತಕ್ಕದ್ದಲ್ಲ.

ದೂರ ಮತ್ತು ದಿನಚರಿ

ಸೇರಿದವರೆಲ್ಲ ಮುಂದುವರಿಯುವುದಿಲ್ಲ, ಬಿಡುವುದಕ್ಕೆ ಸೋಮಾರಿತನವೊಂದೇ ಕಾರಣವೂ ಅಲ್ಲ. ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಜಿಮ್ಮಿಗೆ ಒಂದು ಗಂಟೆಯ ವ್ಯಾಯಾಮಕ್ಕಾಗಿ ಎರಡು ಗಂಟೆಯ ಪ್ರಯಾಣ ಬೇಕಾದೀತು. ಮಳೆಗಾಲದಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಮನೆ ಮತ್ತು ಕಾಲೇಜಿನ ನಡುವಿನ ದಾರಿಯಲ್ಲಿಯೇ ಇರುವುದನ್ನು ಮೊದಲು ನೋಡಿ. ಒಂದು ಕಾಗದದಲ್ಲಿ ನಿಮ್ಮ ವಾರದ ವೇಳಾಪಟ್ಟಿ ಬರೆಯಿರಿ: ತರಗತಿ, ಪ್ರಯೋಗಾಲಯ, ಮನೆಪಾಠ, ಮನೆಗೆಲಸ. ಉಳಿದ ಖಾಲಿ ಜಾಗ ಬೆಳಿಗ್ಗೆ ಇದೆಯೋ ಸಂಜೆ ಇದೆಯೋ ನೋಡಿ, ಅದೇ ಹೊತ್ತಿನಲ್ಲಿ ಆ ಜಿಮ್ಮಿಗೆ ಒಮ್ಮೆ ಹೋಗಿ ಬನ್ನಿ. ಮಧ್ಯಾಹ್ನ ಖಾಲಿಯಿರುವ ಸಾಧನಗಳ ಮುಂದೆ ಸಂಜೆ ಏಳಕ್ಕೆ ಸರದಿ ಇರಬಹುದು.

ಹಣದ ಲೆಕ್ಕ

ತಿಂಗಳ ಶುಲ್ಕ 1,500 ರೂಪಾಯಿ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ 6,000 ರೂಪಾಯಿ ಉಳಿತಾಯ. ಆದರೆ ನೀವು ವರ್ಷದಲ್ಲಿ 8 ತಿಂಗಳಿಗಿಂತ ಹೆಚ್ಚು ಹೋದರೆ ಮಾತ್ರ ಅದು ನಿಜವಾದ ಉಳಿತಾಯ. ಪರೀಕ್ಷೆ, ಊರಿನ ಹಬ್ಬ, ಮದುವೆ, ಜ್ವರ ಎಲ್ಲ ಕಳೆದು 5 ತಿಂಗಳು ಹೋದಿರಿ ಎಂದರೆ 7,500ರಲ್ಲಿ ಮುಗಿಯುತ್ತಿದ್ದುದಕ್ಕೆ 12,000 ಕೊಟ್ಟಂತಾಯಿತು. ಮೊದಲು ಒಂದು ತಿಂಗಳು ಮಾತ್ರ ಕಟ್ಟಿ ನೋಡುವುದು ಜಾಣತನ.

ಪ್ರವೇಶ ಶುಲ್ಕ, ತರಬೇತುದಾರರ ಪ್ರತ್ಯೇಕ ಶುಲ್ಕ, ತೆರಿಗೆ ಎಲ್ಲ ಸೇರಿ ಎಷ್ಟು ಎಂದು ಕೇಳಿ. ವ್ಯಾಯಾಮ ಕೇಂದ್ರಗಳ ಸೇವೆಯ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡ 18ರಿಂದ 5ಕ್ಕೆ ಇಳಿದಿದೆ. ರಸೀದಿಯಲ್ಲಿ ಇದನ್ನು ಗಮನಿಸಿ. ಮಧ್ಯದಲ್ಲಿ ಬಿಟ್ಟರೆ ಹಣ ಹಿಂತಿರುಗುತ್ತದೆಯೇ, ಪರೀಕ್ಷೆಯ ಕಾಲದಲ್ಲಿ ಸದಸ್ಯತ್ವವನ್ನು ತಡೆಹಿಡಿಯಬಹುದೇ ಎಂಬುದು ಬರವಣಿಗೆಯಲ್ಲಿರಲಿ. 18 ತುಂಬದವರು ಮಾಡಿಕೊಳ್ಳುವ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲವಾದ್ದರಿಂದ ಅಂಥವರ ಪರವಾಗಿ ತಂದೆ ತಾಯಿಯೇ ಓದಿ ಸಹಿ ಮಾಡಲಿ. ಹಣ ಪಡೆದು ಬಾಗಿಲು ಮುಚ್ಚಿದರೆ, ಹೇಳಿದ ಸೇವೆ ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಪರವಾಗಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ರಸೀದಿ ಇಲ್ಲದವರ ದೂರಿಗೆ ಬಲ ಕಡಿಮೆ ಎಂಬುದನ್ನು ಮಾತ್ರ ಮರೆಯಬೇಡಿ.

ಒಳಗೆ ಹೋಗಿ ನೋಡಿ

ಗೋಡೆಯ ಕನ್ನಡಿ, ಬಣ್ಣದ ದೀಪ, ಜೋರು ಸಂಗೀತ ಇವು ಗುಣಮಟ್ಟದ ಗುರುತಲ್ಲ. ಗಾಳಿ ಬೆಳಕು ಇದೆಯೇ? ನೆಲ ಜಾರುತ್ತದೆಯೇ? ಸಾಧನಗಳ ತಂತಿ ಸವೆದಿದೆಯೇ? ಕುಡಿಯುವ ನೀರು, ಶುಚಿಯಾದ ಶೌಚಾಲಯ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಯೇ? ಬೆಂಕಿ ಬಿದ್ದರೆ ಹೊರಬರಲು ಎರಡನೆಯ ದಾರಿ ಇದೆಯೇ? ತರಬೇತುದಾರರು ಎಲ್ಲಿ, ಏನು ಕಲಿತವರು ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ತರಬೇತುದಾರ ಮೊದಲ ದಿನವೇ ಭಾರ ಕೊಡುವುದಿಲ್ಲ. ನಿಮಗೆ ಹಿಂದೆ ಏನು ಕಾಯಿಲೆ, ಪೆಟ್ಟು ಆಗಿತ್ತು ಎಂದು ಮೊದಲು ಕೇಳುತ್ತಾನೆ.

ಮನೆಯವರೊಂದಿಗೆ

ವಿದ್ಯಾರ್ಥಿನಿಯರೇ, ನಿಮ್ಮ ಮಟ್ಟಿಗೆ ಇನ್ನೂ ಕೆಲವು ಪ್ರಶ್ನೆಗಳಿವೆ. ಬಟ್ಟೆ ಬದಲಿಸುವ ಕೋಣೆಗೆ ಭದ್ರವಾದ ಬಾಗಿಲು ಇದೆಯೇ, ಮಹಿಳಾ ತರಬೇತುದಾರರು ಯಾವ ಹೊತ್ತಿಗೆ ಇರುತ್ತಾರೆ, ಹಿಂತಿರುಗುವ ದಾರಿಯಲ್ಲಿ ಬೀದಿ ದೀಪವಿದೆಯೇ ಎಂದು ನೋಡಿ. ಅಮ್ಮನನ್ನೂ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ. ಕಣ್ಣಾರೆ ಕಂಡ ಜಾಗದ ಬಗ್ಗೆ ಭಯ ಕಡಿಮೆಯಾಗುತ್ತದೆ. ಅಮ್ಮನಿಗೂ ಸೇರುವ ಮನಸ್ಸಾದರೆ ಇನ್ನೂ ಒಳ್ಳೆಯದು. ಮನೆಯ ಆದಾಯದಲ್ಲಿ ಒಬ್ಬರ ಶುಲ್ಕಕ್ಕೆ ಮಾತ್ರ ಅವಕಾಶವಿದ್ದರೆ ಅದು ಅಣ್ಣನಿಗೇ ಸಲ್ಲಬೇಕೆಂಬ ನಿಯಮವೇನೂ ಇಲ್ಲ. ಮೂಳೆ ಗಟ್ಟಿಯಾಗುವ ವಯಸ್ಸು ಹೆಣ್ಣುಮಕ್ಕಳಿಗೂ ಇದೇ.

ಶುಲ್ಕ ಕಟ್ಟುವುದು ಕಷ್ಟವೆನಿಸಿದರೆ ಬೇಸರ ಬೇಡ. ಅನೇಕ ಊರುಗಳ ಉದ್ಯಾನಗಳಲ್ಲಿ ಬಯಲು ವ್ಯಾಯಾಮದ ಸಾಧನಗಳಿವೆ, ಹಲವು ಕಾಲೇಜುಗಳಲ್ಲಿ ವ್ಯಾಯಾಮದ ಕೋಣೆ ಇದೆ. ಮನೆಯಂಗಳದ ದಂಡ, ಬಸ್ಕಿ, ಸೂರ್ಯನಮಸ್ಕಾರಕ್ಕೆ ಯಾರೂ ರಸೀದಿ ಕೇಳುವುದಿಲ್ಲ.

ಪುಡಿ, ಮಾತ್ರೆ, ಚುಚ್ಚುಮದ್ದು

ಮೂರು ತಿಂಗಳಲ್ಲಿ ಸಿನಿಮಾ ನಾಯಕನ ಮೈಕಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸ್ಟೆರಾಯ್ಡ್ ಚುಚ್ಚುಮದ್ದು ಹದಿಹರೆಯದಲ್ಲಿ ಮೂಳೆಯ ಬೆಳವಣಿಗೆಯನ್ನು ಅಕಾಲದಲ್ಲಿ ನಿಲ್ಲಿಸಬಲ್ಲದು. ಯಕೃತ್ತು, ಹೃದಯ, ಸಂತಾನ ಶಕ್ತಿ, ಮನಸ್ಸಿನ ಸ್ಥಿಮಿತ ಎಲ್ಲಕ್ಕೂ ಅದರಿಂದ ಹಾನಿಯಿದೆ. ಎತ್ತರ ನಿಲ್ಲುತ್ತದೆ ಎಂಬ ಅಮ್ಮನ ಭಯ ಕಬ್ಬಿಣದ ವಿಷಯದಲ್ಲಿ ತಪ್ಪು, ಈ ಔಷಧದ ವಿಷಯದಲ್ಲಿ ಸರಿ.

ಪ್ರೋಟೀನಿನ ಬಗ್ಗೆಯೂ ಅತಿಯಾದ ಆತಂಕ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಬೇಕು. ಕಠಿಣ ಸಾಧನೆ ಮಾಡುವವರಿಗೆ ಸ್ವಲ್ಪ ಹೆಚ್ಚು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಹುರುಳಿ, ಕಡಲೆ, ಹೆಸರುಕಾಳು, ಶೇಂಗಾ, ಹಾಲು, ಮೊಸರು ನಮ್ಮ ಅಡುಗೆಮನೆಯಲ್ಲೇ ಇವೆ. ಜಿಮ್ಮಿನ ಮೇಜಿನ ಮೇಲಿನ ಡಬ್ಬಿಯನ್ನು ವೈದ್ಯರನ್ನೋ ಆಹಾರ ತಜ್ಞರನ್ನೋ ಕೇಳದೆ ಕೊಳ್ಳಬೇಡಿ.

ಹೃದಯದ ಮಾತು ಕೇಳಿ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಇಡೀ ನಾಡು ದುಃಖಿಸಿತು. ಅಂದು ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರೆಂಬ ಸುದ್ದಿಯಿಂದ ಅನೇಕರು ಜಿಮ್ಮಿಗೆ ಹೋಗಲು ಹೆದರಿದರು; ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಒಂದು ಸಾವಿನಿಂದ ವ್ಯಾಯಾಮವೇ ಅಪಾಯ ಎಂದು ತೀರ್ಮಾನಿಸುವುದು ಸರಿಯಲ್ಲ. ನಿಯಮಿತ ವ್ಯಾಯಾಮ ಹೃದಯವನ್ನು ಕಾಪಾಡುತ್ತದೆ. ಆದರೆ ಶ್ರಮಪಡುವಾಗ ಎದೆನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡವರಿದ್ದರೆ, ಸೇರುವ ಮೊದಲೇ ವೈದ್ಯರನ್ನು ಕಾಣಿ. ತುರ್ತು ವಾಹನದ ಸಂಖ್ಯೆ 108 ಎಂಬುದು ಜಿಮ್ಮಿನಲ್ಲಿರುವ ಎಲ್ಲರಿಗೂ ಬಾಯಿಪಾಠವಾಗಿರಲಿ.

ಹಣ ಕಟ್ಟುವ ಮುನ್ನ ಮನೆಯವರೊಂದಿಗೆ ಕುಳಿತು ಈ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

1. ನಾನು ಸೇರುತ್ತಿರುವುದು ಯಾಕೆ: ಆರೋಗ್ಯಕ್ಕೋ, ಆಟಕ್ಕೋ, ಗೆಳೆಯರ ಮೆಚ್ಚುಗೆಗೋ?
2. ವಾರದಲ್ಲಿ ಎಷ್ಟು ದಿನ, ಯಾವ ಹೊತ್ತಿನಲ್ಲಿ ಹೋಗಬಲ್ಲೆ?
3. ಎಲ್ಲ ಸೇರಿ ಖರ್ಚೆಷ್ಟು, ಬಿಟ್ಟರೆ ಏನು ಸಿಗುತ್ತದೆ?
4. ಕಲಿಸುವವರು ಯಾರು, ತೊಂದರೆಯಾದರೆ ನೋಡುವವರು ಯಾರು?
5. ಇದೇ ಹಣದಲ್ಲಿ ಮನೆಯ ಇನ್ನೊಬ್ಬರಿಗೂ ಪ್ರಯೋಜನವಾಗುವ ದಾರಿ ಇದೆಯೇ?

ಐದಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ಧೈರ್ಯವಾಗಿ ಸೇರಿ. ಸಿಗದಿದ್ದರೆ ನಾಳೆ ಬೆಳಿಗ್ಗೆ ಮೈದಾನಕ್ಕೆ ಹೋಗಿ ಓಡಲು ಆರಂಭಿಸಿ. ಜಿಮ್ಮಿನ ಯೋಚನೆಯನ್ನು ಆಮೇಲೂ ಮಾಡಬಹುದು.