ರ್‍ಯಾಗಿಂಗ್: ‘ತಮಾಷೆಗೆ’ ಅಂದ್ರೆ ಬಿಡೋದಿಲ್ಲ!

ಅಂಗಡಿಗೆ ಬೀಗ ಹಾಕಿ ಮಗನನ್ನು ಹಾಸ್ಟೆಲಿಗೆ ಬಿಟ್ಟುಬಂದ ಅಪ್ಪನಿಗೆ ಫೀಸಿನ ಚಿಂತೆ. ಮಗನಿಗೆ ಸೀನಿಯರ್‌ಗಳ ಭಯ. ಕಾಲೇಜಿನ ಕಬಡ್ಡಿ ಟೀಮಿಗೆ ಹೊಸದಾಗಿ ಸೇರಿದವನಿಗೂ ಅದೇ ಪಾಡು. ‘ಗಟ್ಟಿ ಆಗ್ತಾನೆ ಬಿಡಿ’ ಅನ್ನುವ ದೊಡ್ಡವರೂ ಇದ್ದಾರೆ!

ಹಿಮಾಚಲ ಪ್ರದೇಶದ ಟಾಂಡಾ ಮೆಡಿಕಲ್ ಕಾಲೇಜಿನಲ್ಲಿ 2009ರ ಮಾರ್ಚಿನಲ್ಲಿ 19 ವರ್ಷದ ಅಮನ್ ಕಚ್ರೂ ಸತ್ತದ್ದು ಇಂಥ ‘ತಮಾಷೆ’ಯಿಂದಲೇ. ಕುಡಿದ ಸೀನಿಯರ್‌ಗಳು ಹೊಡೆದಿದ್ದರು. ಅದೇ ವರ್ಷ ಯು.ಜಿ.ಸಿ. ನಿಯಮ ಬಂತು: ಅಪರಾಧ ಎಂದು ಕಂಡರೆ 24 ಗಂಟೆಯೊಳಗೆ ಪ್ರಿನ್ಸಿಪಾಲರೇ ಪೊಲೀಸರಿಗೆ ದೂರು ಕೊಡಬೇಕು. ‘ಕಾಲೇಜಿನ ಮಾನ ಹೋಗುತ್ತೆ’ ಎಂದು ರಾಜಿ ಮಾಡಿಸಿ ಕಳಿಸುವಂತಿಲ್ಲ.

ಹುಡುಗ ಅಂಜಿದರೆ? ಹೆಸರು ಹೇಳದೆಯೂ 1800-180-5522ಕ್ಕೆ ಫೋನ್ ಮಾಡಬಹುದು, ಪುಕ್ಕಟೆ.

ರಜೆಗೆ ಬಂದವನು ವಾಪಸ್ ಹೊರಡುವ ದಿನ ಬೇಕೆಂದೇ ಬಸ್ಸು ತಪ್ಪಿಸಿಕೊಂಡರೆ, ಗದರುವ ಮುಂಚೆ ಒಂದು ಮಾತು ಕೇಳಿ, ಸ್ವಾಮಿ.