ದೇಹದ ಪೊರೆಗಳು

ಮಾಂಸವನ್ನೂ ಕರಗಿಸಬಲ್ಲ ತೀಕ್ಷ್ಣವಾದ ಜೀರ್ಣರಸವು ನಮ್ಮ ಜಠರದಲ್ಲಿ ಪ್ರತಿದಿನವೂ ಸ್ರವಿಸುತ್ತದೆ. ಜಠರದ ಗೋಡೆಯೂ ಮಾಂಸದಿಂದಲೇ ಆದುದು. ಹಾಗಿದ್ದರೂ ಅದು ತನ್ನನ್ನು ತಾನೇ ಏಕೆ ಜೀರ್ಣಿಸಿಕೊಳ್ಳುವುದಿಲ್ಲ? ಅದರ ಒಳಮೈಗೆ ಹೊದಿಕೆಯಾಗಿರುವ ತೆಳುವಾದ ಪೊರೆಯೇ ಇದಕ್ಕೆ ಮುಖ್ಯ ಕಾರಣ.

ಅಂಗಗಳನ್ನು ಆವರಿಸಿರುವ ಅಥವಾ ದೇಹದ ಕುಹರಗಳ ಒಳಮೈಯನ್ನು ಹೊದಿಸಿರುವ ತೆಳುವಾದ ಅಂಗಾಂಶ ಪದರಕ್ಕೆ ಪೊರೆ ಎಂದು ಹೆಸರು. ಇವುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳುಂಟು.

ಮೊದಲನೆಯದು ನಮ್ಮ ಕಣ್ಣಿಗೆ ಕಾಣುವ ಚರ್ಮ. ವಯಸ್ಕರಲ್ಲಿ ಇದರ ವಿಸ್ತಾರ ಸುಮಾರು 1.5ರಿಂದ 2 ಚದರ ಮೀಟರು. ದೇಹದ ನೀರು ಆರಿಹೋಗದಂತೆಯೂ ರೋಗಾಣುಗಳು ಒಳನುಗ್ಗದಂತೆಯೂ ಇದು ಕಾಯುತ್ತದೆ. ಮೈಯ ಬಹುಭಾಗ ಸುಟ್ಟುಹೋದವರ ಪ್ರಾಣಕ್ಕೆ ಅಪಾಯ ಒದಗುವುದು ಈ ಕಾವಲು ತಪ್ಪುವುದರಿಂದಲೇ.

ಎರಡನೆಯದು ಲೋಳೆಪೊರೆ. ಹೊರಗಿನ ಗಾಳಿಯೂ ಆಹಾರವೂ ಸಂಚರಿಸುವ ಮಾರ್ಗಗಳಲ್ಲಿ ಇದು ಹರಡಿಕೊಂಡಿದೆ. ಶ್ವಾಸನಾಳದಲ್ಲಿ ಧೂಳು ಲೋಳೆಗೆ ಅಂಟಿಕೊಳ್ಳುತ್ತದೆ. ಅಲ್ಲಿನ ಸೂಕ್ಷ್ಮ ರೋಮಗಳು ಅದನ್ನು ಗಂಟಲಿನತ್ತ ತಳ್ಳುತ್ತವೆ. ಧೂಮಪಾನವು ಈ ರೋಮಗಳನ್ನು ಕುಗ್ಗಿಸಿಬಿಡುತ್ತದೆ. ಸಣ್ಣ ಕರುಳಿನಲ್ಲಿ ಇದೇ ಪೊರೆಯು ಜೀರ್ಣವಾದ ಆಹಾರದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ.

ಮೂರನೆಯದು ಸೀರಸ್ ಪೊರೆ. ಇದು ಶ್ವಾಸಕೋಶ, ಹೃದಯ ಮತ್ತು ಉದರದ ಅಂಗಗಳನ್ನು ಎರಡು ಪದರಗಳಾಗಿ ಸುತ್ತಿಕೊಂಡಿದೆ. ಪದರಗಳ ನಡುವಿನ ಅತ್ಯಲ್ಪ ದ್ರವವು ಘರ್ಷಣೆಯನ್ನು ತಪ್ಪಿಸುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುವ ಹೃದಯವು ಸವೆಯದಿರುವುದಕ್ಕೆ ಇದರ ನೆರವೂ ಇದೆ. ಶ್ವಾಸಕೋಶದ ಪೊರೆಗೆ ಉರಿಯೂತ ಬಂದಾಗ ಪ್ರತಿಯೊಂದು ಉಸಿರೂ ನೋವಾಗುತ್ತದೆ.

ನಾಲ್ಕನೆಯದಾದ ಸೈನೋವಿಯಲ್ ಪೊರೆಯು ಮೊಣಕಾಲು, ಭುಜ ಮೊದಲಾದ ಕೀಲುಗಳಲ್ಲಿದ್ದು, ಗಾಡಿಯ ಅಚ್ಚಿಗೆ ಕೀಲೆಣ್ಣೆಯಂತೆ ಜಾರುವ ದ್ರವವನ್ನು ಒದಗಿಸುತ್ತದೆ.

ಇನ್ನು ಜಠರದ ವಿಷಯಕ್ಕೆ ಮರಳೋಣ. ಅಲ್ಲಿನ ಲೋಳೆಪೊರೆಯು ದಪ್ಪನಾದ ಲೋಳೆಯನ್ನೂ ಆಮ್ಲವನ್ನು ಶಮನಗೊಳಿಸುವ ಕ್ಷಾರವನ್ನೂ ಸ್ರವಿಸುತ್ತದೆ. ಈ ರಕ್ಷಣೆ ಕುಂದಿದಾಗ ಹುಣ್ಣುಗಳಾಗುತ್ತವೆ. ಖಾರದ ಊಟ, ಮನಸ್ಸಿನ ಕಳವಳ ಇವೇ ಹುಣ್ಣಿಗೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಒಪ್ಪಲಿಲ್ಲ. ಜಠರದ ಪೊರೆಯಲ್ಲಿ ತಾವು ಕಂಡ ಬ್ಯಾಕ್ಟೀರಿಯಾವೇ ಇದಕ್ಕೆ ಮೂಲವೆಂದು ಅವರು ಸಾರಿದರು. ಹಲವರು ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾಗಳಿದ್ದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರ ಜಠರದ ಪೊರೆ ಉರಿಯೂತಕ್ಕೆ ಒಳಗಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ವರ್ಷಗಟ್ಟಲೆ ಪಥ್ಯದಲ್ಲಿ ನರಳುತ್ತಿದ್ದ ಅನೇಕ ರೋಗಿಗಳು ಇಂದು ಕೆಲವು ದಿನಗಳ ಔಷಧದಿಂದ ಗುಣಹೊಂದುತ್ತಾರೆ. ನೋವುನಿವಾರಕ ಮಾತ್ರೆಗಳ ಅತಿಯಾದ ಸೇವನೆಯಿಂದಲೂ ಈ ಪೊರೆ ಕೆಡುವುದರಿಂದ, ವೈದ್ಯರ ಸಲಹೆಯಿಲ್ಲದೆ ಅವನ್ನು ಪದೇಪದೇ ನುಂಗಬಾರದು.

ಬೇಡದುದನ್ನು ತಡೆಯುವುದು, ಬೇಕಾದುದನ್ನು ಒಳಬಿಡುವುದು, ಅಂಗಗಳ ಚಲನೆಯನ್ನು ಸುಗಮಗೊಳಿಸುವುದು, ಇವೇ ಪೊರೆಗಳ ಕಾರ್ಯಗಳು. 'ಪೊರೆ' ಎಂಬ ನಮ್ಮ ಮಾತಿಗೆ ಕಾಪಾಡು ಎಂಬ ಅರ್ಥವೂ ಇದೆ. ನಮ್ಮನ್ನು ಪೊರೆಯುವ ಈ ತೆಳುಪದರಗಳನ್ನು ನಾವೂ ಎಚ್ಚರಿಕೆಯಿಂದ ಪೊರೆಯಬೇಕು.